ಶಿಲೆಯ ಅಚ್ಚು, ಪರದೆಯ ಅಚ್ಚು



ಮೊಬೈಲಿನ ಪರದೆಯ ಮೇಲೆ ಕಂಡದ್ದನ್ನು ಕ್ಷಣಮಾತ್ರದಲ್ಲಿ ಚಿತ್ರವಾಗಿಸಿಕೊಳ್ಳುವ ವಿದ್ಯೆ ಇಂದು ಎಳೆಯ ಮಕ್ಕಳಿಗೂ ಕರಗತವಾಗಿದೆ. ‘ಸ್ಕ್ರೀನ್‌ಶಾಟ್’ ಎಂಬುದು ಮನೆಮಾತು. ಈ ಸಣ್ಣ ಅಭ್ಯಾಸಕ್ಕೂ ಒಂದು ಚರಿತ್ರೆಯಿದೆ. ಅದರಲ್ಲಿ ಕನ್ನಡದ ಪಾಲಿನದೇ ಆದ ಒಂದು ಅಧ್ಯಾಯವೂ ಇದೆ.

1981ರಲ್ಲಿ ಬಂದ ಐಬಿಎಂ ಪಿಸಿಯ ಕೀಲಿಮಣೆಯಲ್ಲಿ ‘ಪ್ರಿಂಟ್ ಸ್ಕ್ರೀನ್’ ಕೀಲಿಯಿತ್ತು. ಹೆಸರಿಗೆ ತಕ್ಕಂತೆ ಅದು ಪರದೆಯ ಮೇಲಿದ್ದ ಅಕ್ಷರಗಳನ್ನು ನೇರವಾಗಿ ಪ್ರಿಂಟರಿಗೆ ಕಳುಹಿಸುತ್ತಿತ್ತು. ವಿಂಡೋಸ್ ಬಂದ ಮೇಲೆ ಅದೇ ಕೀಲಿ ಕಾಗದವನ್ನು ಬಿಟ್ಟು ಗಣಕದ ಸ್ಮೃತಿಗೆ ಚಿತ್ರವನ್ನು ಒಪ್ಪಿಸತೊಡಗಿತು. ಅದನ್ನು ‘ಪೇಂಟ್’ ತಂತ್ರಾಂಶದಲ್ಲಿ ಅಂಟಿಸಿ ಉಳಿಸಿಕೊಳ್ಳಬೇಕಾಗಿತ್ತು.

ಕನ್ನಡಿಗರಿಗೆ ಈ ಉಪಾಯ ಬಹಳ ಒದಗಿಬಂದಿತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂದಿತು. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು. ಗಣಕದಲ್ಲಿ ಕನ್ನಡ ಮೂಡಿತೆಂಬ ಸಂತೋಷವೇನೋ ದೊಡ್ಡದೇ. ಆದರೆ ಅಂದು ಒಂದು ತಂತ್ರಾಂಶದಲ್ಲಿ ಬರೆದದ್ದನ್ನು ಓದಲು ಅದೇ ಫಾಂಟು ಎದುರಿನವರ ಬಳಿಯೂ ಇರಬೇಕಿತ್ತು. ಇಲ್ಲವಾದರೆ ಅವರಿಗೆ ಕಾಣುತ್ತಿದ್ದುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆದ್ದರಿಂದ ಅನೇಕರು ಕನ್ನಡದಲ್ಲಿ ಬರೆದು, ಅದನ್ನು ಚಿತ್ರವಾಗಿಸಿ, ಆ ಚಿತ್ರವನ್ನೇ ಕಳುಹಿಸುತ್ತಿದ್ದರು.

ಅಮೆರಿಕದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು 2002ರ ಸುಮಾರಿಗೆ ತನ್ನ ತಾಯಿಗೆಂದು ಅಂತಹದೊಂದು ಪತ್ರವನ್ನು ನನ್ನ ಮಿಂಚಂಚೆಗೆ ಕಳುಹಿಸಿದ್ದನು. ಶಿವಮೊಗ್ಗೆಯ ದುರ್ಗಿಗುಡಿಯ ಸೈಬರ್ ಕೆಫೆಯೊಂದರಲ್ಲಿ ಅದನ್ನು ಮುದ್ರಿಸಿಕೊಂಡು ಭದ್ರಾವತಿಯ ಪೇಪರ್‌ಟೌನಿಗೆ ಹೋಗಿ ಆ ತಾಯಿಯ ಕೈಗಿತ್ತೆ. “ಅಕ್ಷರ ಇವನದಲ್ಲ ಮೇಷ್ಟ್ರೇ, ಮಾತು ಮಾತ್ರ ಇವನದೇ” ಎಂದರು ಅವರು. ಕಾಗದವನ್ನೇ ತಯಾರಿಸುತ್ತಿದ್ದ ಆ ಊರಿಗೆ ಮಗನ ಕಾಗದ ಚಿತ್ರವಾಗಿ ಬಂದಿತ್ತು.

1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟನ್ನು ಹೊತ್ತು ತಂದಿತು. ಶಿವಮೊಗ್ಗೆಯ ಮಗ್ಗುಲಲ್ಲಿ ಹರಿಯುವ ನದಿಯ ಹೆಸರೇ ಅದು! ಕ್ರಮೇಣ ಕನ್ನಡವನ್ನು ಕನ್ನಡವಾಗಿಯೇ ಕಳುಹಿಸುವುದು ಸಾಧ್ಯವಾಯಿತು. ಮುಂದೆ ನಿಂತ ಚಿತ್ರದ ಜೊತೆಗೆ ಚಲಿಸುವ ಪರದೆಯನ್ನೂ ಸೆರೆಹಿಡಿಯುವ ಸೌಲಭ್ಯ ಬಂದಿತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಎಷ್ಟೋ ಶಿಕ್ಷಕರು ಪರದೆಯನ್ನು ಧ್ವನಿಸಹಿತ ಮುದ್ರಿಸಿ ಪಾಠಗಳನ್ನು ಮಕ್ಕಳ ಮನೆಗೆ ತಲುಪಿಸಿದರು.

ಇಲ್ಲಿ ನನಗೆ ಶಾಸನಗಳ ನೆನಪಾಗುತ್ತದೆ. ಶಾಸನತಜ್ಞರು ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹೊದಿಸಿ, ಅದು ಅಕ್ಷರದ ತಗ್ಗುಗಳಿಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತುತ್ತಾರೆ. ಅಕ್ಷರ ಬೆಳ್ಳಗೆ, ಉಳಿದದ್ದು ಕಪ್ಪು. ಅದೇ ಪಡಿಯಚ್ಚು. ಅದೂ ಕಂಡದ್ದನ್ನು ಕಂಡಂತೆ ಎತ್ತಿಕೊಳ್ಳುವ ವಿದ್ಯೆಯೇ. ಆದರೆ ಬಿ. ಎಲ್. ರೈಸ್ ಅವರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7 ಮತ್ತು 8ನೆಯ ಸಂಪುಟಗಳಲ್ಲಿ (1902, 1904) ಪ್ರಕಟಿಸಿದಾಗ ಶಾಸನವಿರುವ ಊರನ್ನು ಹೆಸರಿಸಿದರು, ಪಾಠವನ್ನು ಅಕ್ಷರಕ್ಕಿಳಿಸಿದರು, ಅನುವಾದವನ್ನೂ ಕೊಟ್ಟರು. ತಾಳಗುಂದದ ಕದಂಬ ಶಾಸನವನ್ನು ನಾವು ಮನೆಯಲ್ಲಿ ಕುಳಿತು ಓದಬಲ್ಲೆವಾದರೆ ಅದು ಇಂತಹ ಶ್ರಮದ ಫಲ.

ನಮ್ಮ ಮೊಬೈಲುಗಳಲ್ಲಿರುವ ನೂರಾರು ಪರದೆಯ ಚಿತ್ರಗಳಿಗೆ ಊರಿಲ್ಲ, ದಿನಾಂಕವಿಲ್ಲ, ಬರೆದವರಾರೆಂಬ ಗುರುತಿಲ್ಲ. ತಿದ್ದುವುದೂ ಸುಲಭ. ನ್ಯಾಯಾಲಯವೂ ಇಂತಹ ಪ್ರತಿಗಳನ್ನು ಸುಮ್ಮನೆ ಒಪ್ಪುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಯ ಪ್ರತಿಗೆ ಪ್ರಮಾಣಪತ್ರವನ್ನು ಕೇಳುತ್ತದೆ.

ಆದುದರಿಂದ ನನ್ನ ವಿನಂತಿ ಇಷ್ಟೆ. ಅಜ್ಜಿಯ ಅಡುಗೆಯ ವಿವರವಾಗಲಿ, ಅಗಲಿದವರ ಕೊನೆಯ ಸಂದೇಶವಾಗಲಿ, ಉಳಿಯಬೇಕಾದುದನ್ನು ಸೆರೆಹಿಡಿದ ದಿನವೇ ಅದರ ಕೆಳಗೆ ಯಾರದು, ಎಲ್ಲಿಯದು, ಎಂದಿನದು ಎಂಬ ಮೂರು ಸಂಗತಿಗಳನ್ನು ಬರೆದಿಡಿ. ಸಾಧ್ಯವಾದರೆ ಅದರ ಮಾತುಗಳನ್ನು ಕನ್ನಡದಲ್ಲಿ ಟೈಪ್ ಮಾಡಿಡಿ. ಚಿತ್ರವನ್ನು ನಾವು ನೋಡಬಹುದು. ಮುಂದಿನವರು ಹುಡುಕಿ ತೆಗೆಯಬೇಕಾದರೆ ಅಕ್ಷರವೇ ಬೇಕು.