ಐದು ಡಾಲರಿಗೆ ಕೊಟ್ಟ ಕೌದಿ

ಕೌದಿ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಅಜ್ಜಿಯ ಹಳೇ ಇಳಕಲ್ ಸೀರೆ, ಅಜ್ಜನ ಧೋತರದ ತುಂಡು. ಇಲ್ಲಿ ಮುಂಬಯಿಯಲ್ಲಿ ಅದಕ್ಕೇ ಗೋಧಡಿ ಅಂತಾರೆ, ಅಮೆರಿಕದಲ್ಲಿ ಕ್ವಿಲ್ಟ್. ಅಲ್ಲಿನ ಒಬ್ಬ ಹೆಣ್ಣುಮಗಳ ಕೌದಿಯ ಕಥೆ ನಿಮಗೆ ಹೇಳಬೇಕು.

ಹ್ಯಾರಿಯೆಟ್ ಪವರ್ಸ್ 1837ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಗುಲಾಮಳಾಗಿ ಹುಟ್ಟಿದಾಕೆ. ಗುಲಾಮಗಿರಿ ಹೋದ ಮೇಲೆ ಗಂಡನ ಜೊತೆ ಅಥೆನ್ಸ್ ಎಂಬ ಊರಿನ (ಗ್ರೀಸಿನದ್ದಲ್ಲ!) ಹತ್ತಿರ ಬೇಸಾಯ ಮಾಡಿಕೊಂಡಿದ್ದಳು. 1886ರಲ್ಲಿ ಅಲ್ಲಿ ನಡೆದ ಹತ್ತಿ ಮೇಳದಲ್ಲಿ ಆಕೆಯ ಕೌದಿಯೊಂದು ಪ್ರದರ್ಶನಕ್ಕಿತ್ತು. ಹನ್ನೊಂದು ಚೌಕ, ಆದಾಮ-ಹವ್ವರಿಂದ ಹಿಡಿದು ಏಸುವಿನ ಶಿಲುಬೆಯವರೆಗೆ ಬೈಬಲಿನ ಕಥೆಗಳು, ಎಲ್ಲ ಬಟ್ಟೆ ಕತ್ತರಿಸಿ ಹಚ್ಚಿದ ಬೊಂಬೆಗಳಲ್ಲಿ. ಜೆನ್ನಿ ಸ್ಮಿತ್ ಎಂಬ ಚಿತ್ರಕಲಾ ಶಿಕ್ಷಕಿ ಆಕೆಯನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತೇನೆ ಅಂದಳು. ಯಾವ ಬೆಲೆಗೂ ಕೊಡುವುದಿಲ್ಲ ಅಂದಳು ಹ್ಯಾರಿಯೆಟ್.

ಸುಮಾರು ನಾಲ್ಕು ವರ್ಷದ ನಂತರ ಕೈ ಬಿಗಿಯಾಯಿತು. ಎತ್ತಿನ ಗಾಡಿಯಲ್ಲಿ, ಹಿಟ್ಟಿನ ಚೀಲದಲ್ಲಿಟ್ಟ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ತಾನೇ ಬಂದಳು. ಕೇಳಿದ್ದು 10 ಡಾಲರ್. ತನ್ನಿಂದಾಗುವುದು ಐದೇ ಅಂದಳು ಸ್ಮಿತ್. ಹ್ಯಾರಿಯೆಟ್ ಹೊರಗೆ ಹೋಗಿ ಗಂಡನನ್ನು ಕೇಳಿಕೊಂಡು ಬಂದು ಒಪ್ಪಿದಳು. ಆದರೆ ಒಂದೊಂದು ಚೌಕದ ಅರ್ಥವನ್ನೂ ಬಿಡಿಸಿ ಹೇಳಿಯೇ ಕೊಟ್ಟಳು. ಸ್ಮಿತ್ ಅದನ್ನೆಲ್ಲ ಬರೆದಿಟ್ಟದ್ದು ದೊಡ್ಡ ಉಪಕಾರ. ಆಮೇಲೂ ಹಲವು ಸಲ ಬಂದು ಕೌದಿಯನ್ನು ನೋಡಿಕೊಂಡು ಹೋದಳಂತೆ, ಮಗಳನ್ನು ಕೊಟ್ಟ ಮನೆಗೆ ಹೋಗಿಬಂದ ಹಾಗೆ. ಈಗ ಅದು ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ.

ಆಕೆಯ ಇನ್ನೊಂದು ಕೌದಿ ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿದೆ. ನನಗೆ ಹೆಚ್ಚು ಹಿಡಿಸುವುದು ಅದೇ. 15 ಚೌಕಗಳಲ್ಲಿ ಬೈಬಲಿನ ಮಗ್ಗುಲಲ್ಲೇ 1780ರ ಮೇ 19ರಂದು ಹಗಲಲ್ಲೇ ಕತ್ತಲು ಕವಿದದ್ದು, 1833ರ ನವೆಂಬರ್ 13ರ ಉಲ್ಕಾವೃಷ್ಟಿ, 1895ರ ಫೆಬ್ರವರಿಯ ಕೊರೆಯುವ ಚಳಿ ಎಲ್ಲ ಇವೆ. ಲೆಕ್ಕ ಹಾಕಿ ನೋಡಿ, ಆ ಉಲ್ಕೆಗಳು ಉದುರಿದಾಗ ಹ್ಯಾರಿಯೆಟ್ ಇನ್ನೂ ಹುಟ್ಟಿರಲಿಲ್ಲ. ಹಿರಿಯರ ಬಾಯಿಂದ ಕೇಳಿದ್ದೇ ಇರಬೇಕು. ಗುಲಾಮರಿಗೆ ಅಕ್ಷರ ಕಲಿಸುವುದೇ ಜಾರ್ಜಿಯಾದಲ್ಲಿ ಅಪರಾಧವಾಗಿದ್ದ ಕಾಲ ಅದು. ಅಂಥ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದ ಸುದ್ದಿ ಅರವತ್ತು ವರ್ಷದ ಮೇಲೆ ಸೂಜಿಗೆ ಸಿಕ್ಕಿತು.

ಓಡಿಹೋಗುವ ಗುಲಾಮರಿಗೆ ಕೌದಿಯ ವಿನ್ಯಾಸಗಳಲ್ಲೇ ಗುಪ್ತ ಸಂಕೇತ ಇತ್ತು ಅಂತ 1999ರ ಪುಸ್ತಕವೊಂದು ಹೇಳಿತು, ಕಥೆ ಬಹಳ ಹಬ್ಬಿತು. ಆ ಕಾಲದ ಪುರಾವೆ ಇಲ್ಲದ್ದರಿಂದ ಇತಿಹಾಸಕಾರರು ಒಪ್ಪುವುದಿಲ್ಲ. ಅಂಥ ಕಥೆ ಕಟ್ಟುವ ಅಗತ್ಯವೂ ಇಲ್ಲ ಬಿಡಿ. ಅಲಬಾಮಾದ ಜೀಸ್ ಬೆಂಡ್‌ನಲ್ಲಿ, ಗುಲಾಮರ ಮೊಮ್ಮಕ್ಕಳು ಮರಿಮಕ್ಕಳೇ ತುಂಬಿದ ಹಳ್ಳಿಯದು, ಮಿಸ್ಸೂರಿ ಪೆಟ್‌ವೇ ಎಂಬಾಕೆ 1942ರಲ್ಲಿ ತೀರಿಹೋದ ಗಂಡನ ಕೆಲಸದ ಬಟ್ಟೆಗಳಿಂದಲೇ ಕೌದಿ ಹೊಲಿದಳು, ಅವನ ನೆನಪಿಗೆ, ಹೊದ್ದುಕೊಳ್ಳಲು. ಪ್ಯಾಂಟಿನ ಕಾಲು, ಅಂಗಿಯ ಚುಂಗು ಹರಿದುಕೊಟ್ಟವಳು ಮಗಳು ಆರ್ಲೋನ್ಜಿಯಾ. ಅವಳೇ ಮುಂದೆ ಹೇಳಿದ ಪ್ರಕಾರ, ಅಪ್ಪನಿಗೆ ಇದ್ದ ಬಟ್ಟೆಯೆಲ್ಲ ಸೇರಿ ಆ ಒಂದು ಕೌದಿಗೆ ಸರಿಹೋಯಿತು.