ಮಂಜುಗಡ್ಡೆಯ ಅಂಗಳದಲ್ಲೊಬ್ಬ ಪಾದ್ರಿ

ಚಳಿಗಾಲದಲ್ಲಿ ಕೆರೆಗಳೇ ಹೆಪ್ಪುಗಟ್ಟುವ ಕೆನಡಾದಲ್ಲಿ ಐಸ್ ಹಾಕಿಯ ಹುಚ್ಚು ನಮ್ಮ ಕ್ರಿಕೆಟ್ ಹುಚ್ಚಿಗೆ ಸಮ. ಸ್ಕೇಟ್ ತೊಟ್ಟ ಆರಾರು ಆಟಗಾರರು ರಬ್ಬರಿನ ಬಿಲ್ಲೆಗಾಗಿ ಸೆಣಸುವ ಈ ಆಟದಲ್ಲಿ ಕೈ ಕೈ ಮಿಲಾಯಿಸುವುದೂ ಮಾಮೂಲು. ಇಂಥ ಆಟಕ್ಕೆ ರಾಷ್ಟ್ರೀಯ ತಂಡ ಕಟ್ಟಿದವರು ಒಬ್ಬ ಕ್ಯಾಥೊಲಿಕ್ ಪಾದ್ರಿ ಎಂದರೆ ಅಚ್ಚರಿಯಾದೀತು. ಅವರೇ ಫಾದರ್ ಡೇವಿಡ್ ಬಾವರ್.

1924ರಲ್ಲಿ ಒಂಟಾರಿಯೊ ಪ್ರಾಂತ್ಯದ ವಾಟರ್‌ಲೂದಲ್ಲಿ ಹುಟ್ಟಿದ ಬಾವರ್, 1944ರಲ್ಲಿ ಕಿರಿಯರ ಮೆಮೋರಿಯಲ್ ಕಪ್ ಗೆದ್ದ ತಂಡದಲ್ಲಿದ್ದರು. ಅಣ್ಣ ಬಾಬಿ ಬಾಸ್ಟನ್ ತಂಡದ ಹೆಸರಾಂತ ವೃತ್ತಿಪರ ಆಟಗಾರ. ತಮ್ಮ ಆ ದಾರಿ ಹಿಡಿಯದೆ ದೀಕ್ಷೆ ಪಡೆದು, ಟೊರಾಂಟೊದ ಸೇಂಟ್ ಮೈಕೆಲ್ಸ್ ಶಾಲೆಯ ಹುಡುಗರಿಗೆ ತರಬೇತುದಾರರಾದರು. 1961ರಲ್ಲಿ ಅವರ ಶಿಷ್ಯರೂ ಅದೇ ಕಪ್ ಗೆದ್ದರು.

ಹಣಕ್ಕಾಗಿ ಆಡುವವರಿಗೆ ಆಗ ಒಲಿಂಪಿಕ್ಸ್‌ನಲ್ಲಿ ಪ್ರವೇಶವಿರಲಿಲ್ಲ. ಕೆನಡಾ ಯಾವುದಾದರೊಂದು ಹವ್ಯಾಸಿ ಕ್ಲಬ್ಬನ್ನು ಕಳುಹಿಸುತ್ತಿತ್ತು. ಸೋವಿಯತ್ ಆಟಗಾರರೋ ಹೆಸರಿಗಷ್ಟೇ ಹವ್ಯಾಸಿಗಳು. ಸೈನ್ಯದಂಥ ಕಡೆ ಹುದ್ದೆ, ವರ್ಷವಿಡೀ ಅಭ್ಯಾಸ. ಅವರೆದುರು ಕ್ಲಬ್ ತಂಡಗಳು ನಿಲ್ಲುವುದು ಕಷ್ಟವಾಯಿತು. ಬಾವರ್ ಕಂಡ ಪರಿಹಾರ, ಕಾಲೇಜು ವಿದ್ಯಾರ್ಥಿಗಳ ರಾಷ್ಟ್ರೀಯ ತಂಡ. ಹಾಕಿಗಾಗಿ ಹುಡುಗರು ಓದು ಬಿಡಬಾರದೆಂಬುದು ಅವರ ಹಟ. 1963ರಲ್ಲಿ ವ್ಯಾಂಕೂವರ್‌ನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆಟಗಾರರು ಒಂದೇ ಸೂರಿನಡಿ ನೆಲೆಸಿ, ಪಾಠ ಮತ್ತು ಆಟ ಎರಡನ್ನೂ ನಡೆಸಿದರು.

1964ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನಲ್ಲಿ ಅವರ ಪರೀಕ್ಷೆ ನಡೆಯಿತು. ಸ್ವೀಡನ್ ಎದುರಿನ ಪಂದ್ಯದಲ್ಲಿ ಎದುರಾಳಿಯೊಬ್ಬನ ಕೋಲು ಬಡಿದು ಬಾವರ್ ಅವರ ಹಣೆಯಿಂದ ರಕ್ತ ಸುರಿಯಿತು. ಸೇಡಿಗೆಂದು ಎದ್ದ ತಮ್ಮ ಹುಡುಗರನ್ನು ಅವರು ತಡೆದು ಕೂರಿಸಿದರು. ಕೆನಡಾ 3–1ರಿಂದ ಗೆದ್ದಿತು. ಮರುದಿನ ಅದೇ ಆಟಗಾರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾವರ್ ಇನ್ನೊಂದು ಪಂದ್ಯ ನೋಡಿದರು.

ಆದರೆ ಪದಕ ಕೈತಪ್ಪಿತು. ಮೊದಲ ಐದು ಪಂದ್ಯ ಗೆದ್ದ ತಂಡ ಕಡೆಯ ಎರಡರಲ್ಲಿ ಚೆಕೊಸ್ಲೊವಾಕಿಯಾಕ್ಕೂ ಸೋವಿಯತ್ ಒಕ್ಕೂಟಕ್ಕೂ ಮಣಿಯಿತು. ಸ್ವೀಡನ್, ಚೆಕೊಸ್ಲೊವಾಕಿಯಾಗಳಷ್ಟೇ ಗೆಲುವು ಗಳಿಸಿದರೂ ಗೋಲುಗಳ ಲೆಕ್ಕಾಚಾರದಲ್ಲಿ ನಾಲ್ಕನೆಯ ಸ್ಥಾನ. 1968ರಲ್ಲಿ ಕಂಚು ಸಿಕ್ಕಿತು. ವೃತ್ತಿಪರರನ್ನು ಆಡಿಸುವ ಜಗಳದಲ್ಲಿ ಕೆನಡಾ 1970ರಲ್ಲಿ ಅಂತರರಾಷ್ಟ್ರೀಯ ಪಂದ್ಯಗಳಿಂದ ಹೊರನಡೆಯಿತು; ಬಾವರ್ ಕಟ್ಟಿದ ತಂಡವೂ ಮುಚ್ಚಿಹೋಯಿತು.

ಬಾವರ್ 1988ರಲ್ಲಿ ತೀರಿಕೊಂಡರು. 1998ರಿಂದ ವೃತ್ತಿಪರ ಲೀಗಿನ ತಾರೆಯರೇ ಒಲಿಂಪಿಕ್ಸ್ ಅಂಗಳಕ್ಕಿಳಿದರು. ಅಂಥ ತಾರೆಯರಿದ್ದ ತಂಡವೇ 2002ರಲ್ಲಿ, 50 ವರ್ಷಗಳ ಬಳಿಕ, ಕೆನಡಾಕ್ಕೆ ಚಿನ್ನ ತಂದಿತು. ಆಟದ ಲೆಕ್ಕದಲ್ಲಿ ಪಾದ್ರಿ ಸೋತರೆನ್ನಬಹುದು. ಆದರೆ ಅವರ 1964ರ ತಂಡದ ಟೆರ್ರಿ ಓಮ್ಯಾಲಿ ಶಿಕ್ಷಕರಾದರು, ರೋಜರ್ ಬೋರ್ಬೊನೆ ವಕೀಲರಾದರು. ಹುಡುಗರು ಓದು ಬಿಡಬಾರದೆಂಬ ಬಾವರ್ ಅವರ ಹಟ ಗೆದ್ದದ್ದು ಅಲ್ಲಿ.