ಉಂಡ ಮನೆಯ ದೀಪ

ಅಮೆರಿಕೆಯ ಕಾಲೇಜುಗಳಲ್ಲಿ ‘ಫ್ರೆಟರ್ನಿಟಿ’ ಎಂಬ ಭ್ರಾತೃಸಂಘಗಳುಂಟು. 1776ರ ಡಿಸೆಂಬರಿನಲ್ಲಿ ವರ್ಜೀನಿಯಾದ ವಿಲಿಯಂ ಮತ್ತು ಮೇರಿ ಕಾಲೇಜಿನ ಕೆಲವು ತರುಣರು ಕಟ್ಟಿಕೊಂಡ ಫೈ ಬೀಟಾ ಕಪ್ಪ ಎಂಬ ಕೂಟವೇ ಇವುಗಳ ಮೂಲ. ಮುಂದೆ ಇಂಥ ಸಂಘಗಳು ತಮ್ಮವೇ ಮನೆಗಳನ್ನು ಮಾಡಿಕೊಂಡವು. ಒಂದೇ ಸೂರಿನಡಿ ವಾಸ, ಒಂದೇ ಪಂಕ್ತಿಯಲ್ಲಿ ಊಟ. ಸದಸ್ಯರು ವಿರಳವಾಗಿ ಮನೆಯ ಮಾಡು ಸೋರತೊಡಗಿದಾಗ ಓದು ಮುಗಿಸಿ ಹೋದ ಹಿರಿಯರು ಹಣ ಕೂಡಿಸಿ ಅದನ್ನು ಎತ್ತಿ ನಿಲ್ಲಿಸುತ್ತಾರೆ. ಇಂಥ ವಸ್ತು ನಮ್ಮಲ್ಲಿ ಇದೆಯೇ ಎಂದು ಯೋಚಿಸಿದಾಗಲೆಲ್ಲ ನನ್ನ ಕಣ್ಣೆದುರು ನಿಲ್ಲುವುದು ಬೆಳಗಾವಿಯ ಬೋರ್ಡಿಂಗುಗಳು.

ಬೆಳಗಾವಿಯಿಂದ ಖಾನಾಪುರ ಸುಮಾರು 25 ಕಿಲೋಮೀಟರು. ಲೋಂಡಾದ ಕಡೆಗೆ ಹೋಗುವ ರೈಲು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ಎರಡೂರುಗಳನ್ನು ಜೋಡಿಸಿತು. ಆದರೆ ಖಾನಾಪುರ ತಾಲೂಕೆಂದರೆ ಕೇವಲ ಸ್ಟೇಶನ್ನಿನ ಊರಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ, ಕದಂಬರ ಪಲಾಶಿಕೆಯಾಗಿದ್ದ ಹಲಸಿ, ಸಹ್ಯಾದ್ರಿಯ ಕಾಡಿನ ಹಳ್ಳಿಗಳು. ಕನ್ನಡ ಮರಾಠಿಗಳೆರಡೂ ಕೇಳುವ ಆ ಸೀಮೆಯಲ್ಲಿ ಮಳೆ ಹಿಡಿದರೆ ಹಳ್ಳದಾಟುವುದೇ ದುಸ್ತರ. ಅಂಥ ಕಡೆಯ ಹುಡುಗನಿಗೆ ಬೆಳಗಾವಿಯಲ್ಲಿ ಶಾಲೆಯಿದ್ದರೆ ಸಾಲದು. ಮಲಗಲು ಒಂದು ಮೂಲೆ, ಉಣ್ಣಲು ಒಂದು ತಟ್ಟೆ ಬೇಕು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವ ವಾರಾನ್ನದ ಪದ್ಧತಿ ಹಿಂದೆ ಇತ್ತು. ಅದನ್ನು ನಾವೀಗ ಬಹಳ ಮಧುರವಾಗಿ ವರ್ಣಿಸುತ್ತೇವೆ. ಪರರ ಮನೆಯ ಹೊಸ್ತಿಲಲ್ಲಿ ಹಸಿದು ನಿಂತವನಿಗೆ ಅದು ಅಷ್ಟು ಮಧುರವಾಗಿದ್ದಿರಲಾರದು. ಮೇಲಾಗಿ, ಎಲ್ಲ ಜಾತಿಯ ಹುಡುಗರಿಗೂ ಆ ಬಾಗಿಲು ತೆರೆದಿರಲಿಲ್ಲ.

ನೆರೆಯ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಮೊದಲು ಎಲ್ಲರಿಗೂ ಕೂಡಿ ಒಂದೇ ವಸತಿಗೃಹ ನಡೆಸಿ ನೋಡಿದರು. ಅದರ ಫಲ ಒಂದೇ ವರ್ಗಕ್ಕೆ ದಕ್ಕುವುದನ್ನು ಕಂಡು, 1901ರಲ್ಲಿ ಮರಾಠಾ ಬೋರ್ಡಿಂಗ್ ಆರಂಭಿಸಿ, ತರುವಾಯ ಸಮುದಾಯಕ್ಕೊಂದರಂತೆ ಬೋರ್ಡಿಂಗುಗಳಿಗೆ ಆಸರೆಯಾದರು. ಜಾತಿಗೊಂದು ಅಡಿಗೆಮನೆ ಎಂಬ ಮಾತು ಇಂದು ಕಿವಿಗೆ ಕಟುವಾಗಿದೆ. ನನಗೂ ಅದು ಹಿತವೆನಿಸುವುದಿಲ್ಲ. ಆದರೂ ಆ ಅಡಿಗೆಮನೆಗಳ ಹೊಗೆಯಿಂದಲೇ ಹಲವು ಮನೆತನಗಳ ಮೊದಲ ಪದವೀಧರರು ಹೊರಬಂದರೆಂಬುದನ್ನು ಅಲ್ಲಗಳೆಯುವಂತಿಲ್ಲ.

ಬೆಳಗಾವಿಯಲ್ಲಿ ನಾಗನೂರು ಮಠದ ಶಿವಬಸವ ಸ್ವಾಮಿಗಳು ಉಚಿತ ಪ್ರಸಾದನಿಲಯ ನಡೆಸಿದರು. ಹಳ್ಳಿಗರು ಕೊಟ್ಟ ಕಾಳುಕಡಿಯ ಮೇಲೆ ನಡೆಯುವ ಮನೆ ಎಂಥದೆಂದರೆ, ಮಳೆ ತಪ್ಪಿದ ವರ್ಷ ರೈತನ ಕಣದಲ್ಲಿ ಎಷ್ಟು ಕಡಿಮೆಯೋ ಹುಡುಗರ ತಟ್ಟೆಯಲ್ಲಿಯೂ ಅಷ್ಟು ಕಡಿಮೆ. ಇಂದು ನಗರದ ಒಂದು ಬಡಾವಣೆಯೇ ಶಿವಬಸವ ನಗರವೆಂದು ಕರೆಯಿಸಿಕೊಳ್ಳುತ್ತಿದೆ.

ಅನ್ನದ ನಂಟಿನ ಜೊತೆಗೆ ಇನ್ನೊಂದು ಭ್ರಾತೃತ್ವವನ್ನೂ ಈ ನಗರ ಕಂಡಿತು. 1883ರಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದವರು ಧಾರವಾಡದಲ್ಲಿ ಬಡ ವಿದ್ಯಾರ್ಥಿಗಳ ನೆರವಿಗೆಂದು ಲಿಂಗಾಯತ ವಿದ್ಯಾನಿಧಿಯೊಂದನ್ನು ಸ್ಥಾಪಿಸಿದರು. ಒಂದು ತಲೆಮಾರು ಕಳೆಯಿತು. 1916ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ತಲೆಯೆತ್ತಿತು. ಶಿ. ಶಿ. ಬಸವನಾಳರು, ಎಂ. ಆರ್. ಸಾಖರೆಯವರು ಮುಂತಾದ ಏಳು ಮಂದಿಯನ್ನು ಸಂಸ್ಥೆ ಇಂದಿಗೂ ಸಪ್ತರ್ಷಿಗಳೆಂದು ನೆನೆಯುತ್ತದೆ. ಅದರ ಹೈಸ್ಕೂಲಿಗೆ ಇಟ್ಟ ಹೆಸರು ಗಿಲಗಂಚಿ-ಅರಟಾಳ. ಹಿಂದಿನವರು ಕೊಟ್ಟದ್ದನ್ನು ಮುಂದಿನವರು ಮರೆಯಲಿಲ್ಲ.

ಈ ಸಂಸ್ಥೆಯಲ್ಲಿ ಆಜೀವ ಸದಸ್ಯರೆಂಬ ಒಂದು ಬಗೆಯಿತ್ತು. ಅದಕ್ಕೆ ಮೇಲ್ಪಂಕ್ತಿ ಪುಣೆಯ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿ. ಅಲ್ಲಿ ಗೋಖಲೆಯವರು ತಿಂಗಳಿಗೆ 75 ರೂಪಾಯಿಯ ಮೇಲೆ 20 ವರ್ಷ ದುಡಿಯುವ ವ್ರತ ತೊಟ್ಟವರು. ಹಣವಿಲ್ಲದ ಸಂಘಕ್ಕೆ ಆಯುಷ್ಯವನ್ನೇ ವರ್ಗಣಿಯಾಗಿ ಕೊಡುವ ಕ್ರಮವಿದು. ಇದು ಸುಲಭದ್ದೆಂದು ಮಾತ್ರ ಯಾರೂ ತಿಳಿಯಬಾರದು. ಸದಸ್ಯರು ಹೊರಗೆ ಗಳಿಸಬಹುದೇ ಎಂಬಂಥ ಪ್ರಶ್ನೆಗಳ ಮೇಲೆಯೇ ಜಗಳ ಬೆಳೆದು 1890ರಲ್ಲಿ ತಿಲಕರು ಸೊಸಾಯಿಟಿಯನ್ನು ತೊರೆದರು. ನಮ್ಮ ಬಸವನಾಳರು ಶಾಲೆಯ ಕೆಲಸದ ನಡುವೆಯೇ ವಚನಗಳನ್ನು ಸಂಪಾದಿಸಿದರು. 1944ರಲ್ಲಿ ರಬಕವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

1933ರಲ್ಲಿ ಆರಂಭವಾದ ಕಾಲೇಜು ಸಿರಸಂಗಿಯ ಲಿಂಗರಾಜ ದೇಸಾಯರ ಹೆಸರನ್ನು ಹೊತ್ತಿತು. 1906ರಲ್ಲಿ ತೀರಿಕೊಂಡ ದೇಸಾಯರು ತಮ್ಮ ಆಸ್ತಿಯನ್ನು ವಿದ್ಯೆಗೆಂದು ಬರೆದಿಟ್ಟಿದ್ದರು. ಖಾನಾಪುರದ ಕಾಡಿನಲ್ಲಿ ಹುಟ್ಟಿದ ಮಲಪ್ರಭೆ ಹರಿಯುವ ಸವದತ್ತಿ ಸೀಮೆಯದೇ ಆ ಸಿರಸಂಗಿ. ನದಿ ಪೂರ್ವಕ್ಕೆ ಇಳಿಯಿತು. ದೇಸಾಯರ ದಾನ ಪಶ್ಚಿಮಕ್ಕೆ, ಬೆಳಗಾವಿಗೆ ಏರಿತು.

ಹಳೆಯ ವಿದ್ಯಾರ್ಥಿಗಳನ್ನು ನೆರವು ಕೇಳಿದರೆ ಸಾಮಾನ್ಯವಾಗಿ ಕಟ್ಟಡಕ್ಕೆ ಕೊಡುತ್ತಾರೆ. ಗೋಡೆಯಲ್ಲಿ ಅಮೃತಶಿಲೆ, ಶಿಲೆಯಲ್ಲಿ ಹೆಸರು. ತಪ್ಪೇನಿಲ್ಲ. ಆದರೆ ವಸತಿಗೃಹ ಸೊರಗುವುದು ಕಟ್ಟಡವಿಲ್ಲದೆ ಅಲ್ಲ. ಅಕ್ಕಿಯ ಲೆಕ್ಕ, ದೀಪದ ಖರ್ಚು, ಅಡಿಗೆಯವನ ಸಂಬಳ ಹೊಂದದೆ. ಇವಕ್ಕೆ ಯಾರೂ ಶಿಲೆ ನೆಡುವುದಿಲ್ಲ.

ನೆಟ್ಟವರಿದ್ದರು! ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯ ಶಾಸನವನ್ನು ನೋಡಬೇಕು. 945ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ವಿದ್ಯಾಶಾಲೆ ಕಟ್ಟಿಸಿದ. ದೂರ ದೇಶಗಳ ವಿದ್ಯಾರ್ಥಿಗಳಿಗೆ 27 ವಸತಿಗಳು. ದೀಪಕ್ಕೆಂದೇ 12 ನಿವರ್ತನ ಭೂಮಿ. ಊರವರು ಮದುವೆಗೆ 5 ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಮತ್ತೆ ಅದರ ಅರ್ಧ ಕೊಡಬೇಕೆಂದು ಕಟ್ಟಳೆ. ಔತಣವಾದರೆ ಗುರುಶಿಷ್ಯರನ್ನೂ ಕರೆಯಬೇಕು. ಅದೂ ಒಂದು ವರ್ಗದ ಶಾಲೆಯೇ, ಸಂದೇಹವಿಲ್ಲ. ಆದರೆ ಎಣ್ಣೆ ದಿನವೂ ತೀರುತ್ತದೆಂಬುದನ್ನು ಆ ಊರವರು ಬಲ್ಲವರಾಗಿದ್ದರು. ಸುಮಾರು ನೂರು ವರ್ಷಗಳ ನಂತರ ಆ ಶಾಲೆಯ ಸಭಾಂಗಣ ಕುಸಿದುಬಿತ್ತು. ಆ ನಾಡಿನ ಸಾಮಂತನೊಬ್ಬ ಅದನ್ನು ಮತ್ತೆ ಎತ್ತಿ ನಿಲ್ಲಿಸಿದ.